ನಿಮ್ಮ ಶಾಸಕರ ಜೇಬಿನಲ್ಲಿರುವ 131

2022ರ ಜುಲೈನಲ್ಲಿ ದೆಹಲಿಯಿಂದ ರಾಜ್ಯಗಳ ರಾಜಧಾನಿಗಳಿಗೆ ಹೊರಟ ವಿಮಾನಗಳಲ್ಲಿ ಒಬ್ಬ ವಿಚಿತ್ರ ಪ್ರಯಾಣಿಕನಿದ್ದ. ಟಿಕೆಟ್ಟಿನ ಮೇಲಿದ್ದ ಹೆಸರು ‘ಮಿಸ್ಟರ್ ಬ್ಯಾಲೆಟ್ ಬಾಕ್ಸ್’. ಸೀಟು ಮುಂದಿನ ಸಾಲಿನಲ್ಲಿ, ಚುನಾವಣಾ ಅಧಿಕಾರಿಯ ಪಕ್ಕದಲ್ಲೇ. ರಾಷ್ಟ್ರಪತಿ ಚುನಾವಣೆಯ ಮತಪೆಟ್ಟಿಗೆಯನ್ನು ಲಗೇಜಿನ ಜೊತೆ ಎಸೆಯುವಂತಿಲ್ಲ, ಅಧಿಕಾರಿಯ ಕಣ್ಣಿಂದ ಮರೆಯಾಗಲೂ ಬಿಡುವಂತಿಲ್ಲ. ಹಾಗಾಗಿ ಅದರ ಹೆಸರಿನಲ್ಲೇ ಒಂದು ಟಿಕೆಟ್. ಮತದಾನ ಮುಗಿದ ಮೇಲೆ ಇದೇ ಮರ್ಯಾದೆಯಲ್ಲಿ ದೆಹಲಿಗೆ ವಾಪಸು.

ಇಷ್ಟೆಲ್ಲ ಉಪಚಾರ ಪಡೆಯುವ ಪೆಟ್ಟಿಗೆಯೊಳಗೆ ನಮ್ಮ ನಿಮ್ಮ ಚೀಟಿ ಮಾತ್ರ ಇರುವುದಿಲ್ಲ. ಆ ವರ್ಷ ದೇಶದಲ್ಲಿ ರಾಷ್ಟ್ರಪತಿಯನ್ನು ಆರಿಸುವ ಹಕ್ಕಿದ್ದದ್ದು 4,809 ಜನರಿಗೆ: 776 ಸಂಸದರು, 4,033 ಶಾಸಕರು. ಹಾಗೆಂದು ‘ನಮಗೂ ಇದಕ್ಕೂ ಏನು ಸಂಬಂಧ’ ಎಂದು ಪೇಪರ್ ಮಡಚಿಡುವ ಹಾಗಿಲ್ಲ. ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಕರ್ನಾಟಕದ ಈಗಿನ ವಿಧಾನಸಭೆಯ ಅವಧಿ ಇರುವುದು 2028ರ ಮೇ ತಿಂಗಳವರೆಗೆ. ಎಂದರೆ 2023ರ ಮೇ 10ರಂದು ನೀವು ಶಾಲೆಯ ಕೊಠಡಿಯಲ್ಲಿ ಸಾಲುಗಟ್ಟಿ ನಿಂತು ಒತ್ತಿದ ಬಟನ್ನಿನಲ್ಲೇ ಮುಂದಿನ ರಾಷ್ಟ್ರಪತಿಗೆ ಹೋಗುವ ಓಟೂ ಸೇರಿತ್ತು. ರಸ್ತೆ, ನೀರು, ಜಾತಿ, ಗ್ಯಾರಂಟಿ ಎಂದೆಲ್ಲ ಯೋಚಿಸಿ ಒತ್ತಿದ್ದೀರಿ. ಇದನ್ನು ಯಾರೂ ನಿಮಗೆ ಹೇಳಲಿಲ್ಲ, ಅಷ್ಟೆ. ಪ್ರಚಾರ ಭಾಷಣದಲ್ಲಿ ಹೇಳುವಂಥ ವಿಷಯವೂ ಇದಲ್ಲ.

ಯಾರಿಗೆ ಓಟಿದೆ, ಯಾರಿಗಿಲ್ಲ

ಸಂವಿಧಾನದ 54ನೇ ವಿಧಿ ಹೇಳುವ ಚುನಾಯಕ ಗಣದಲ್ಲಿ, ಸುದ್ದಿವಾಹಿನಿಗಳ ಭಾಷೆಯಲ್ಲಿ ಎಲೆಕ್ಟೋರಲ್ ಕಾಲೇಜಿನಲ್ಲಿ, ಇರುವವರು ಲೋಕಸಭೆ ಮತ್ತು ರಾಜ್ಯಸಭೆಗೆ ಚುನಾಯಿತರಾದ ಸದಸ್ಯರು, ರಾಜ್ಯಗಳ ವಿಧಾನಸಭೆಗಳಿಗೆ ಚುನಾಯಿತರಾದ ಸದಸ್ಯರು. ದೆಹಲಿ ಮತ್ತು ಪುದುಚೇರಿಯ ಶಾಸಕರು ಸೇರಿದ್ದು 1992ರ 70ನೇ ತಿದ್ದುಪಡಿಯಿಂದ.

ಇಲ್ಲಿ ‘ಚುನಾಯಿತ’ ಎಂಬುದಕ್ಕೆ ಅಡಿಗೆರೆ ಎಳೆದು ಓದಿಕೊಳ್ಳಬೇಕು. ರಾಜ್ಯಸಭೆಗೆ ನಾಮಕರಣಗೊಂಡ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆ ಅವರಿಗಾಗಲಿ, ಸುಧಾ ಮೂರ್ತಿ ಅವರಿಗಾಗಲಿ ನಾಮಕರಣ ಸದಸ್ಯರಾಗಿ ರಾಷ್ಟ್ರಪತಿಯನ್ನು ಆರಿಸುವ ಓಟಿಲ್ಲ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ನಾಮಕರಣ ಸದಸ್ಯರಿಗೂ ಓಟುಂಟು. ಅಲ್ಲಿ ಮತದಾರರು ಸಂಸದರು ಮಾತ್ರ, ಎಲ್ಲರ ಓಟಿನ ತೂಕವೂ ಒಂದೇ. ಇನ್ನೊಂದು ತಮಾಷೆಯಿದೆ. ರಾಷ್ಟ್ರಪತಿಯ ಮೇಲೆ ಮಹಾಭಿಯೋಗ ನಡೆದರೆ ನಾಮಕರಣ ಸಂಸದರು ಮತ ಹಾಕಬಹುದು, ಶಾಸಕರು ಹಾಕುವಂತಿಲ್ಲ. ಕೂರಿಸುವ ಹಕ್ಕಿಲ್ಲದವರಿಗೆ ಇಳಿಸುವ ಹಕ್ಕು, ಕೂರಿಸಿದವರಲ್ಲಿ ಬಹುಪಾಲು ಜನಕ್ಕೆ ಇಳಿಸುವಾಗ ಮಾತಿಲ್ಲ. ಇದರಲ್ಲಿ ತರ್ಕ ಹುಡುಕಿದರೆ ನನಗಂತೂ ಸಿಗುವುದಿಲ್ಲ.

ವಿಧಾನ ಪರಿಷತ್ ಇರುವ ನಮ್ಮಂಥ ರಾಜ್ಯಗಳಲ್ಲಿ ಎಂಎಲ್‌ಸಿಗಳಿಗೂ ಈ ಓಟಿಲ್ಲ. ಮಂತ್ರಿಯೇ ಆಗಿರಲಿ, ಸಭಾಪತಿಯೇ ಆಗಿರಲಿ, ಪರಿಷತ್ತಿನಿಂದ ಬಂದವರು ಅಂದು ನೋಡುಗರು. ಎಲ್ಲ ರಾಜ್ಯಗಳಲ್ಲೂ ಪರಿಷತ್ ಇಲ್ಲವಲ್ಲ. ಇರುವ ರಾಜ್ಯಕ್ಕೆ ಹೆಚ್ಚಿನ ಓಟು ಕೊಟ್ಟರೆ ತಕ್ಕಡಿ ವಾಲುತ್ತದೆ.

ನೇರ ಚುನಾವಣೆ ಏಕೆ ಬೇಡವಾಯಿತು ಎಂಬ ಪ್ರಶ್ನೆ ಸಂವಿಧಾನ ಸಭೆಯಲ್ಲೇ ಎದ್ದಿತ್ತು. ಜನರೇ ಆರಿಸಲಿ ಎಂದು ವಾದಿಸಿದವರಲ್ಲಿ ಪ್ರೊ. ಕೆ.ಟಿ. ಶಾ ಮುಖ್ಯರು. ನೆಹರೂ ಒಪ್ಪಲಿಲ್ಲ. ನಿಜವಾದ ಅಧಿಕಾರ ಪ್ರಧಾನಿ ಮತ್ತು ಮಂತ್ರಿಮಂಡಲದ ಕೈಯಲ್ಲಿರುವ ವ್ಯವಸ್ಥೆಯಲ್ಲಿ, ದೇಶದ ಅಷ್ಟೂ ಜನರ ಓಟು ಪಡೆದ ಇನ್ನೊಬ್ಬ ವ್ಯಕ್ತಿ ರಾಷ್ಟ್ರಪತಿ ಭವನದಲ್ಲಿ ಕೂತರೆ ಎರಡು ಅಧಿಕಾರ ಕೇಂದ್ರಗಳಾಗುತ್ತವೆ ಎಂಬುದು ಅವರ ಕಡೆಯ ವಾದದ ತಿರುಳು. ನನಗೆ ಆ ವಾದವೇ ಸರಿ ಎನಿಸುತ್ತದೆ. ಕೋಟಿಗಟ್ಟಲೆ ಓಟು ಪಡೆದವರನ್ನು ಸಹಿ ಹಾಕುತ್ತಾ ಕೂರಿ ಎಂದರೆ ಯಾರು ಕೂರುತ್ತಾರೆ?

131 ಎಲ್ಲಿಂದ ಬಂತು

ಶಾಸಕರ ಓಟು ಎಂದರೆ ಒಂದು ಓಟಲ್ಲ. ಅದಕ್ಕೊಂದು ಮೌಲ್ಯವಿದೆ. ಲೆಕ್ಕ ಸುಲಭ, ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಬಹುದು. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ (ಆಗಿನ್ನೂ ಹೆಸರು ಮೈಸೂರು) ಜನಸಂಖ್ಯೆ 2,92,99,014. ಇದನ್ನು 224 ಶಾಸಕರಿಂದ ಭಾಗಿಸಿದರೆ ತಲಾ 1,30,799. ಅದನ್ನು ಸಾವಿರದಿಂದ ಭಾಗಿಸಿದರೆ 130.8. ಶೇಷ 500 ಅಥವಾ ಹೆಚ್ಚಿದ್ದರೆ ಒಂದು ಕೂಡಿಸಬೇಕು ಎಂಬ ನಿಯಮದಂತೆ 131. ಶೃಂಗೇರಿಯ ಶಾಸಕರಿಗೂ ಅಷ್ಟೇ, ಬೆಂಗಳೂರಿನ ಹೊರವಲಯದಲ್ಲಿ ಲಕ್ಷಗಟ್ಟಲೆ ಹೆಚ್ಚು ಮತದಾರರಿರುವ ಕ್ಷೇತ್ರದ ಶಾಸಕರಿಗೂ ಅಷ್ಟೇ. ರಾಜ್ಯದ ಒಟ್ಟು ಮೌಲ್ಯ 29,344.

ಉತ್ತರ ಪ್ರದೇಶದ ಶಾಸಕರ ಓಟಿಗೆ 208, ತಮಿಳುನಾಡಿನವರಿಗೆ 176, ಮಹಾರಾಷ್ಟ್ರಕ್ಕೆ 175, ಆಂಧ್ರಕ್ಕೆ 159, ಕೇರಳಕ್ಕೆ 152, ತೆಲಂಗಾಣಕ್ಕೆ 132, ಗೋವಾಕ್ಕೆ 20. ಕೊನೆಯಲ್ಲಿ ಸಿಕ್ಕಿಂ, ಬರೀ 7. ಅಲ್ಲಿನ 32 ಶಾಸಕರೂ ಒಟ್ಟಾಗಿ ಮತ ಹಾಕಿದರೆ 224. ನಮ್ಮ ಇಬ್ಬರು ಶಾಸಕರ ಓಟು 262.

ಸಂಸದರ ಲೆಕ್ಕ ಬೇರೆ. ದೇಶದ ಎಲ್ಲ ಶಾಸಕರ ಮತಮೌಲ್ಯವನ್ನು ಕೂಡಿಸಿ, ಅದನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸುತ್ತಾರೆ. 2022ರಲ್ಲಿ 5,43,231ನ್ನು 776ರಿಂದ ಭಾಗಿಸಿ ಬಂದದ್ದು 700. ಅದಕ್ಕೆ ಮುಂಚಿನ 2017ರ ಚುನಾವಣೆಯಲ್ಲಿ ಅದು 708 ಇತ್ತು. ಜಮ್ಮು-ಕಾಶ್ಮೀರದಲ್ಲಿ ವಿಧಾನಸಭೆ ಇಲ್ಲದ್ದರಿಂದ ಎಂಟು ಇಳಿಯಿತು. ಹೀಗೆ ಭಾಗಿಸುವ ಉದ್ದೇಶ ಒಂದೇ. ಎಲ್ಲ ಸಂಸದರನ್ನು ಒಂದು ತಟ್ಟೆಯಲ್ಲಿ, ಎಲ್ಲ ಶಾಸಕರನ್ನು ಇನ್ನೊಂದು ತಟ್ಟೆಯಲ್ಲಿಟ್ಟರೆ ಮುಳ್ಳು ಹೆಚ್ಚುಕಡಿಮೆ ನಡುವೆ ನಿಲ್ಲಬೇಕು. ಕೇಂದ್ರಕ್ಕೆ ಅರ್ಧ, ರಾಜ್ಯಗಳಿಗೆ ಅರ್ಧ. ಲೋಕಸಭೆಯಲ್ಲಿ ಭಾರೀ ಬಹುಮತವಿದ್ದರೂ ರಾಜ್ಯಗಳಲ್ಲಿ ಸೋತ ಪಕ್ಷ ರಾಷ್ಟ್ರಪತಿ ಚುನಾವಣೆ ಬಂದಾಗ ಪ್ರಾದೇಶಿಕ ಪಕ್ಷಗಳ ಬಾಗಿಲು ತಟ್ಟುವುದು ಇದಕ್ಕೇ.

ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12, ಒಟ್ಟು 40 ಸಂಸದರು. 2022ರ ಮೌಲ್ಯದಲ್ಲಿ ಅವರದು 28,000. ಶಾಸಕರದ್ದೂ ಕೂಡಿದರೆ ನಮ್ಮ ರಾಜ್ಯದ ಪಾಲು 57,344. ದೇಶದ ಒಟ್ಟು 10,86,431ರಲ್ಲಿ ಶೇ 5.3ರ ಆಸುಪಾಸು.

ಬೂತಿನೊಳಗೆ

ಸ್ಪರ್ಧಿಸಲು 35 ವರ್ಷ ತುಂಬಿದ ಭಾರತೀಯ ಪ್ರಜೆಯಾಗಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆಯಿರಬೇಕು, ಲಾಭದಾಯಕ ಹುದ್ದೆಯಲ್ಲಿರಬಾರದು. ಇಷ್ಟಿದ್ದರೆ ಯಾರು ಬೇಕಾದರೂ ಆಗಬಹುದು ಅನ್ನಿಸುತ್ತದೆ. ಒಂದು ಕಾಲದಲ್ಲಿ ಹಾಗೇ ಇತ್ತು. 1967ರಲ್ಲಿ 17 ಜನ ಕಣದಲ್ಲಿದ್ದರು, ಅವರಲ್ಲಿ ಒಂಬತ್ತು ಜನಕ್ಕೆ ಒಂದೇ ಒಂದು ಓಟೂ ಬೀಳಲಿಲ್ಲ. ಹವ್ಯಾಸಿಗಳನ್ನು ತಡೆಯಲು ನಿಯಮ ಬಿಗಿಯಾಗುತ್ತ ಬಂತು. ಈಗ ನಾಮಪತ್ರಕ್ಕೆ 50 ಮತದಾರರು ಸೂಚಕರಾಗಿ, ಬೇರೆ 50 ಜನ ಅನುಮೋದಕರಾಗಿ ಸಹಿ ಹಾಕಬೇಕು, 15,000 ರೂಪಾಯಿ ಠೇವಣಿ ಇಡಬೇಕು. ದುಡ್ಡು ದೊಡ್ಡದಲ್ಲ, ನೂರು ಸಂಸದ-ಶಾಸಕರ ಸಹಿ ತರುವುದು ಪಕ್ಷದ ಬೆಂಬಲವಿಲ್ಲದವರಿಗೆ ಆಗದ ಮಾತು.

ಮತದಾನ ಸಂಸತ್ ಭವನದಲ್ಲಿ ಮತ್ತು ರಾಜ್ಯಗಳ ವಿಧಾನಸಭೆಗಳಲ್ಲಿ ನಡೆಯುತ್ತದೆ. ನಮ್ಮ ಶಾಸಕರು ಸಾಲು ನಿಲ್ಲುವುದು ವಿಧಾನಸೌಧದಲ್ಲಿ. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. ಇವಿಎಂ ಇಲ್ಲ, ನೋಟಾ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಒಂದು ಕಾಲಂನಲ್ಲಿ ಅಭ್ಯರ್ಥಿಗಳ ಹೆಸರು, ಪಕ್ಕದ ಕಾಲಂ ಖಾಲಿ. ಆ ಖಾಲಿ ಜಾಗದಲ್ಲಿ ತಮಗೆ ಮೊದಲು ಬೇಕಾದವರ ಎದುರು 1, ಅವರಾಗದಿದ್ದರೆ ಇವರು ಎನ್ನುವವರ ಎದುರು 2, ಹೀಗೆ ಬರೆಯುತ್ತ ಹೋಗಬೇಕು. ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಪ್ರಾಶಸ್ತ್ಯ ಮತದ ಪದ್ಧತಿ ಗೊತ್ತೇ ಇರುತ್ತದೆ. ಒಬ್ಬರಿಗೆ ಮಾತ್ರ 1 ಬರೆದು ಬಿಟ್ಟರೂ ಓಟು ಸಿಂಧು. 1 ಅನ್ನೇ ಬರೆಯದೆ 2 ಬರೆದರೆ, ಇಬ್ಬರಿಗೆ 1 ಬರೆದರೆ, ಸಹಿ ಹಾಕಿದರೆ, ಗುರುತು ಸಿಗುವಂಥ ಗೀಟು ಎಳೆದರೆ ಅಸಿಂಧು. ಅಂಕಿಯನ್ನು ಯಾವ ಲಿಪಿಯಲ್ಲಿ ಬರೆಯಬೇಕು ಎಂಬುದರಲ್ಲಿ ಮಾತ್ರ ಚುನಾವಣಾ ಆಯೋಗ ಧಾರಾಳಿ. 1 ಆಗಬಹುದು, ರೋಮನ್ ಅಂಕಿ ಆಗಬಹುದು, ಭಾರತೀಯ ಭಾಷೆಯ ಅಂಕಿಯೂ ಆಗಬಹುದು. ಅಂದರೆ ನಮ್ಮ ಶಾಸಕರು ‘೧’ ಎಂದು ಬರೆಯಬಹುದು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಕೆಟ್ಟಿತು.

ಪೆನ್ನೂ ಆಯೋಗದ್ದೇ. ಒಳಗೆ ಹೋಗುವ ಮುನ್ನ ಜೇಬಿನ ಪೆನ್ನನ್ನು ಒಪ್ಪಿಸಿ, ಅಲ್ಲಿ ಕೊಡುವ ನೇರಳೆ ಶಾಯಿಯ ಪೆನ್ ತೆಗೆದುಕೊಳ್ಳಬೇಕು. ಬೇರೆ ಪೆನ್ನಿನಲ್ಲಿ ಬರೆದದ್ದು ಎಣಿಕೆಗೆ ಬರುವುದಿಲ್ಲ. 2016ರ ಜೂನ್‌ನಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಬೇರೆ ಶಾಯಿಯ ಕಾರಣಕ್ಕೆ ಕಾಂಗ್ರೆಸ್ ಶಾಸಕರ ಮತಗಳು ಸಾಲುಸಾಲಾಗಿ ತಿರಸ್ಕೃತವಾಗಿ ದೊಡ್ಡ ರಗಳೆಯಾಗಿತ್ತು. ಅದಾದ ಮೇಲೆ ಪೆನ್ನಿನ ವಿಷಯದಲ್ಲಿ ಈ ಕಟ್ಟುನಿಟ್ಟು.

ಇಷ್ಟು ಸರಳವಾದ ಕೆಲಸದಲ್ಲೂ ಜನಪ್ರತಿನಿಧಿಗಳು ಎಡವುತ್ತಾರೆ. 2022ರಲ್ಲಿ 53 ಮತ ಅಸಿಂಧುವಾದವು, ಅದರಲ್ಲಿ 15 ಸಂಸದರದ್ದು. 2012ರಲ್ಲಿ ಮುಲಾಯಂ ಸಿಂಗ್ ಯಾದವ್ ಮೊದಲು ತಪ್ಪು ಹೆಸರಿನೆದುರು ಗುರುತು ಹಾಕಿ, ಆ ಚೀಟಿ ಹರಿದು ಇನ್ನೊಂದು ಪಡೆದರು. ಆಯೋಗ ಅವರ ಮತವನ್ನೇ ರದ್ದು ಮಾಡಿತು. ನಮಗೆಲ್ಲ ಮತದಾನ ಜಾಗೃತಿಯ ಪಾಠ ಹೇಳುವವರಿಗೂ ಒಂದು ದಿನದ ತರಬೇತಿ ಇಟ್ಟರೆ ತಪ್ಪೇನಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಗೋಪ್ಯತೆ. ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಇಲ್ಲಿ ಯಾರಿಗೂ ತೋರಿಸುವಂತಿಲ್ಲ. ಪಕ್ಷ ವಿಪ್ ಕೊಡುವಂತಿಲ್ಲ, ಅಡ್ಡಮತ ಹಾಕಿದರೆಂದು ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವ ಕಳೆಯುವಂತಿಲ್ಲ. ರೆಸಾರ್ಟಿನ ಕಾವಲು ಕಂಡು ಬೇಸತ್ತ ನಮಗೆ ಇದು ನಂಬಲು ಕಷ್ಟ, ಆದರೆ ಶಾಸಕರು ನಿಜಕ್ಕೂ ತಮ್ಮ ಮನಸ್ಸಿನಂತೆ ನಡೆಯಬಹುದಾದ ಅಪರೂಪದ ದಿನ ಅದು. 2022ರಲ್ಲಿ ಕೇರಳದ 140 ಶಾಸಕರೂ ಎಡರಂಗಕ್ಕೋ ಯುಡಿಎಫ್‌ಗೋ ಸೇರಿದವರು, ಎರಡೂ ಕಡೆಯ ಬೆಂಬಲ ಮುರ್ಮು ಅವರ ಎದುರಾಳಿ ಯಶವಂತ ಸಿನ್ಹಾ ಅವರಿಗೆ. ಎಣಿಸಿ ನೋಡಿದರೆ ಅಲ್ಲಿಂದ ಮುರ್ಮು ಅವರಿಗೂ ಒಂದು ಓಟು ಬಂದಿತ್ತು.

ಎಣಿಕೆ, ಮತ್ತು 1969ರ ಆ ಮಳೆಗಾಲ

ಗೆಲ್ಲಲು ಉಳಿದವರಿಗಿಂತ ಹೆಚ್ಚು ಓಟು ಬಂದರೆ ಸಾಲದು. ಸಿಂಧು ಮತಗಳ ಒಟ್ಟು ಮೌಲ್ಯವನ್ನು ಎರಡರಿಂದ ಭಾಗಿಸಿ ಒಂದು ಕೂಡಿಸಿದರೆ ಬರುವ ಕೋಟಾ ಮುಟ್ಟಬೇಕು. 2022ರಲ್ಲಿ ಆ ಕೋಟಾ 5,28,491. ಮುರ್ಮು ಅವರಿಗೆ ಬಂದದ್ದು 6,76,803, ಸಿನ್ಹಾ ಅವರಿಗೆ 3,80,177. ಕಣದಲ್ಲಿ ಇಬ್ಬರೇ ಇದ್ದಾಗ ಎರಡನೇ ಪ್ರಾಶಸ್ತ್ಯಕ್ಕೆ ಕೆಲಸವೇ ಇರುವುದಿಲ್ಲ. ಹೆಚ್ಚು ಜನರಿದ್ದು ಯಾರೂ ಕೋಟಾ ಮುಟ್ಟದಿದ್ದರೆ ತೀರಾ ಕಡಿಮೆ ಬಂದವರನ್ನು ಕಣದಿಂದ ತೆಗೆದು, ಅವರ ಮತಪತ್ರಗಳಲ್ಲಿ 2 ಎಂದು ಯಾರ ಎದುರಿದೆಯೋ ಅವರಿಗೆ ಹಂಚುತ್ತಾರೆ. ಹೀಗೆ ಹಂಚಿಯೇ ರಾಷ್ಟ್ರಪತಿ ಯಾರೆಂದು ತೀರ್ಮಾನವಾದದ್ದು ಇದುವರೆಗೆ ಒಮ್ಮೆ ಮಾತ್ರ. ಅದರ ಮೊದಲ ಅಂಕ ನಡೆದದ್ದು ಬೆಂಗಳೂರಿನಲ್ಲಿ.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಜುಲೈನಲ್ಲಿ ಬೆಂಗಳೂರಿನ ಎಐಸಿಸಿ ಅಧಿವೇಶನದ ಹೊತ್ತಿಗೆ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿ, ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಇಂದಿರಾ ಬೆಂಗಳೂರಿನಿಂದ ದೆಹಲಿಗೆ ಮರಳಿದವರೇ ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂತು. ಅದಕ್ಕೆ ಸಹಿ ಹಾಕಿದ ಗಿರಿ ಮರುದಿನ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಕೆಲ ದಿನ ರಾಷ್ಟ್ರಪತಿಯ ಕುರ್ಚಿಯಲ್ಲಿ ಕೂತರು.

ಮೂರನೆಯ ಪ್ರಮುಖ ಅಭ್ಯರ್ಥಿ ಸಿ.ಡಿ. ದೇಶಮುಖ್. ಅವರ ಹಿಂದೆ ಇದ್ದದ್ದು ಸ್ವತಂತ್ರ ಪಕ್ಷ ಮತ್ತು ಜನಸಂಘ. ನಿಜಲಿಂಗಪ್ಪನವರು ಈ ಪಕ್ಷಗಳ ನಾಯಕರನ್ನು ಭೇಟಿಯಾಗಿ, ನಿಮ್ಮ ಎರಡನೇ ಪ್ರಾಶಸ್ತ್ಯವನ್ನಾದರೂ ರೆಡ್ಡಿಯವರಿಗೆ ಕೊಡಿಸಿ ಎಂದು ಕೇಳಿದರು. ಪ್ರಾಶಸ್ತ್ಯ ಮತದ ಚುನಾವಣೆಯಲ್ಲಿ ಇದು ಸಹಜವಾದ ಲೆಕ್ಕಾಚಾರ. ಆದರೆ ಬಲಪಂಥೀಯರ ಜೊತೆ ಒಳಒಪ್ಪಂದ ಎಂದು ಇಂದಿರಾ ಬಣ ಬೊಬ್ಬೆ ಹಾಕಲು ಅಷ್ಟೇ ಸಾಕಾಯಿತು. ತಮ್ಮದೇ ಪಕ್ಷದ ಅಭ್ಯರ್ಥಿಯ ಪರವಾಗಿ ಆದೇಶ ಹೊರಡಿಸಲು ಒಪ್ಪದ ಪ್ರಧಾನಿ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು.

ಆಗಸ್ಟ್ 16ರ ಮತದಾನದ ಮೊದಲ ಸುತ್ತಿನಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಕೋಟಾ 4,18,169. ಯಾರೂ ಮುಟ್ಟಲಿಲ್ಲ. ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದು ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಕಳೆದು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಹಂಚಿಕೆಯಲ್ಲಿ ರೆಡ್ಡಿಯವರಿಗೆ ಸೇರಿದ್ದು 91,879, ಗಿರಿಯವರಿಗೆ 18,562. ಎರಡನೇ ಪ್ರಾಶಸ್ತ್ಯ ನಿಜಲಿಂಗಪ್ಪನವರು ಕೇಳಿದ ಕಡೆಗೇ ಹರಿದಿತ್ತು, ಸುಮಾರು ಐದು ಪಟ್ಟು ಹೆಚ್ಚು. ಆದರೂ ಗಿರಿಯವರಿಗೆ ಬೇಕಿದ್ದದ್ದು 16,654 ಮಾತ್ರ, ಅದು ಸಿಕ್ಕಿತು. ರೆಡ್ಡಿ ಸೋತದ್ದು ಎರಡನೇ ಪ್ರಾಶಸ್ತ್ಯದಿಂದಲ್ಲ, ಮೊದಲ ಪ್ರಾಶಸ್ತ್ಯದಲ್ಲೇ ತಮ್ಮವರು ಕೈಬಿಟ್ಟದ್ದರಿಂದ. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಹೋಳಾಯಿತು. ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಅದಕ್ಕೆ ಮುಂಚಿನ ಐದಾರು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಬಿ.ಡಿ. ಜತ್ತಿ. ಚುನಾವಣೆಯಲ್ಲಿ ಗೆದ್ದು ಆ ಕುರ್ಚಿಯಲ್ಲಿ ಕೂತ ಕನ್ನಡಿಗರು ಇನ್ನೂ ಯಾರೂ ಇಲ್ಲ.

ಫಲಿತಾಂಶದ ಬಗ್ಗೆ ತಕರಾರಿದ್ದರೆ ನೇರ ಸುಪ್ರೀಂ ಕೋರ್ಟಿಗೇ ಹೋಗಬೇಕು, ಅದೂ ಅಭ್ಯರ್ಥಿ ಅಥವಾ ಕನಿಷ್ಠ 20 ಮತದಾರರು. ಗಿರಿಯವರ ಆಯ್ಕೆಯನ್ನು ಹಾಗೆ ಪ್ರಶ್ನಿಸಿದಾಗ ಅವರು ರಾಷ್ಟ್ರಪತಿಯಾಗಿದ್ದುಕೊಂಡೇ ಕೋರ್ಟಿಗೆ ಬಂದು ಸಾಕ್ಷಿ ನುಡಿದರು. ಅರ್ಜಿ ವಜಾ ಆಯಿತು.

1971ರಲ್ಲೇ ನಿಂತ ಗಡಿಯಾರ

ಐವತ್ತು ವರ್ಷ ಹಳೆಯ ಜನಗಣತಿಯನ್ನು ಇನ್ನೂ ಏಕೆ ಹಿಡಿದುಕೊಂಡಿದ್ದೇವೆ? ಕುಟುಂಬ ಯೋಜನೆಯನ್ನು ಚೆನ್ನಾಗಿ ಪಾಲಿಸಿದ ರಾಜ್ಯಗಳು ಜನಸಂಖ್ಯೆ ಕಡಿಮೆಯಾದ ಕಾರಣಕ್ಕೆ ಓಟಿನ ಬಲ ಕಳೆದುಕೊಳ್ಳಬಾರದು ಎಂದು 1976ರ 42ನೇ ತಿದ್ದುಪಡಿ ಅಂಕಿಯನ್ನು 1971ಕ್ಕೆ ಕಟ್ಟಿಹಾಕಿತು. 2001ರ 84ನೇ ತಿದ್ದುಪಡಿ ಅದನ್ನು ಮುಂದುವರಿಸಿ, 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಇದೇ ಲೆಕ್ಕ ಎಂದಿತು. ಮುಂದಿನ ಜನಗಣತಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿರುವ ದಿನ, ಹಿಮದ ಪ್ರದೇಶಗಳನ್ನು ಬಿಟ್ಟು ಉಳಿದ ದೇಶಕ್ಕೆ, 2027ರ ಮಾರ್ಚ್ 1. ರಾಷ್ಟ್ರಪತಿ ಚುನಾವಣೆಯ ಅಧಿಸೂಚನೆ ಹೊರಡಬಹುದಾದದ್ದು ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲಿ, ಎಂದರೆ ಅದೇ ವರ್ಷದ ಮೇ ಕೊನೆಯ ವಾರದಿಂದಾಚೆ. ಎರಡು ದಿನಾಂಕಗಳೂ ಅಕ್ಕಪಕ್ಕ ಬಂದು ಕೂತಿವೆ. ಅಂಕಿ ಪ್ರಕಟವಾಗುವ ದಿನ ಯಾವುದು ಎಂಬುದರ ಮೇಲೆ ಕಣ್ಣಿಡಿ.

ಬೀಗ ತೆಗೆದರೆ ಏನಾಗುತ್ತದೆ ಎಂದು ನೋಡಲು, ಶಾಸಕರ ಸಂಖ್ಯೆಯನ್ನು ಮುಟ್ಟದೆ 2011ರ ಜನಸಂಖ್ಯೆಯನ್ನು ಅದೇ ಸೂತ್ರಕ್ಕೆ ಹಾಕಿದೆ. ಈಗ ತಮಿಳುನಾಡಿನ ಶಾಸಕರ ಓಟು 176, ಬಿಹಾರದ್ದು 173. 2011ರ ಲೆಕ್ಕದಲ್ಲಿ ತಮಿಳುನಾಡು 308ಕ್ಕೆ ನಿಲ್ಲುತ್ತದೆ, ಬಿಹಾರ 428ಕ್ಕೆ ಹಾರುತ್ತದೆ. ಉತ್ತರ ಪ್ರದೇಶ 208ರಿಂದ 496, ಕೇರಳ 152ರಿಂದ 239. ಕರ್ನಾಟಕದ 131 ಹೋಗಿ 273 ಆಗುತ್ತದೆ. ಅಂಕಿ ಎರಡು ಪಟ್ಟು ದಾಟಿತೆಂದು ಬೀಗುವ ಹಾಗಿಲ್ಲ. ಉಳಿದವರದ್ದೂ ಬೆಳೆದಿರುವುದರಿಂದ, ಶಾಸಕರ ಒಟ್ಟು ಮತಮೌಲ್ಯದಲ್ಲಿ ನಮ್ಮ ವಿಧಾನಸಭೆಯ ಪಾಲು ಶೇ 5.4ರಿಂದ ಸುಮಾರು ಶೇ 5.1ಕ್ಕೆ ಇಳಿಯುತ್ತದೆ.